ಮರುಹಂಚಿಕೆಯ ಯಾವ ದಾರಿ ಬೆಳವಣಿಗೆಗೆ ನೆರವು, ಯಾವುದು ಹೊರೆ: ಆಯ್ಕೆ ಮಾಡುವವರಿಗೆ ಒಂದು ಹೋಲಿಕೆ

ಐದೈದು ಮನೆಗಳಿರುವ ಎರಡು ಊರುಗಳಿವೆ ಎಂದುಕೊಳ್ಳಿ. ಮೊದಲ ಊರಿನ ಮನೆಗಳ ಆದಾಯ 10, 20, 30, 40 ಮತ್ತು 100. ಎರಡನೆಯ ಊರಿನದು 0, 10, 50, 70 ಮತ್ತು 70. ಎರಡೂ ಕಡೆ ಒಟ್ಟು 200, ಸರಾಸರಿ 40. ಈಗ ಆದಾಯದ ಅಸಮಾನತೆಯನ್ನು ಅಳೆಯುವ ಗಿನಿ ಸೂಚ್ಯಂಕ ಹಾಕಿ ನೋಡಿ: ಎಲ್ಲರಿಗೂ ಸಮವಾಗಿದ್ದರೆ ಅದು 0, ಅಂತರ ಹೆಚ್ಚಿದಷ್ಟೂ 1ರ ಹತ್ತಿರ. ಮನೆಗಳನ್ನು ಬಡತನದಿಂದ ಸಿರಿತನದ ಕಡೆಗೆ ಸಾಲಾಗಿ ಇಟ್ಟು −4, −2, 0, 2, 4 ಎಂಬ ತೂಕಗಳಿಂದ ಕ್ರಮವಾಗಿ ಗುಣಿಸಿ ಕೂಡಿಸಬೇಕು. ಬಂದ ಮೊತ್ತವನ್ನು ಮನೆಗಳ ಸಂಖ್ಯೆ ಮತ್ತು ಒಟ್ಟು ಆದಾಯದ ಗುಣಲಬ್ಧದಿಂದ, ಅಂದರೆ 1,000ದಿಂದ, ಭಾಗಿಸಬೇಕು. ಮೊದಲ ಊರಿನಲ್ಲಿ −40 − 40 + 0 + 80 + 400 = 400. ಎರಡನೆಯದರಲ್ಲಿ 0 − 20 + 0 + 140 + 280 = 400. ಎರಡಕ್ಕೂ ಗಿನಿ 0.40.

ಅಂಕಿ ಒಂದೇ, ರೋಗ ಬೇರೆ ಬೇರೆ. ಮೊದಲ ಊರಿನಲ್ಲಿ ಒಂದೇ ಮನೆ ಅರ್ಧ ಆದಾಯ ಹಿಡಿದಿದೆ, ಉಳಿದವರು ಮೆಟ್ಟಿಲು ಮೆಟ್ಟಿಲಾಗಿ ನಿಂತಿದ್ದಾರೆ. ಎರಡನೆಯದರಲ್ಲಿ ಮೂರು ಮನೆಗಳು ನೆಮ್ಮದಿಯಾಗಿವೆ, ಎರಡು ಮನೆಗಳಿಗೆ ಸೇರಿ ಸಿಗುವುದು ಒಟ್ಟಿನ ಶೇ 5 ಮಾತ್ರ. ಮೊದಲ ಊರಿಗೆ ಮೇಲ್ತುದಿಯ ತೆರಿಗೆ, ಸ್ಪರ್ಧೆಯ ನಿಯಮಗಳು ಮುಖ್ಯ. ಎರಡನೆಯದಕ್ಕೆ ಕೆಳಗಿನ ಎರಡು ಮನೆಗಳ ಮಕ್ಕಳ ಊಟ, ಶಾಲೆ, ಸಾಲದ ದಾರಿ ಮುಖ್ಯ. ಅಸಮಾನತೆ ಬೆಳವಣಿಗೆಗೆ ಕೆಟ್ಟದ್ದೇ, ಹಂಚಿದರೆ ಆರ್ಥಿಕತೆ ಸೊರಗುತ್ತದೆಯೇ ಎಂಬ ವಾದ ದಶಕಗಳಿಂದ ಬಗೆಹರಿಯದೆ ಉಳಿದಿರುವುದಕ್ಕೆ ಇದೇ ದೊಡ್ಡ ಕಾರಣ. ಎಷ್ಟು ಹಂಚುತ್ತೇವೆ ಎಂಬುದಕ್ಕಿಂತ ಹಣವನ್ನು ಹೇಗೆ ಎತ್ತುತ್ತೇವೆ, ಯಾವ ರೂಪದಲ್ಲಿ ಮುಟ್ಟಿಸುತ್ತೇವೆ, ಕೊಟ್ಟಿದ್ದನ್ನು ಯಾವ ವೇಗದಲ್ಲಿ ಹಿಂತೆಗೆಯುತ್ತೇವೆ ಎಂಬುದರಲ್ಲೇ ಬೆಳವಣಿಗೆಯ ಲಾಭನಷ್ಟ ಅಡಗಿದೆ. ಆದ್ದರಿಂದ ಇಲ್ಲಿ ಹೋಲಿಸುವುದು ಸಾಧನಗಳನ್ನು.

ಆರಿಸುವ ಮೊದಲು ಅಳತೆ

ಗಿನಿ ಅಂಕಿ ಕೈಗೆ ಬಂದಾಗ ಮೊದಲು ಕೇಳಬೇಕಾದ್ದು, ಇದು ತೆರಿಗೆ ಮತ್ತು ನೆರವಿಗೆ ಮುಂಚಿನ ಆದಾಯದ್ದೇ, ಆಮೇಲಿನದ್ದೇ ಎಂದು. ಮುಂಚಿನದು ಮಾರುಕಟ್ಟೆಯ ಹಂಚಿಕೆ, ಆಮೇಲಿನದು ಜನರ ಕೈಗೆ ನಿಜವಾಗಿ ಸಿಗುವುದು. ಇವೆರಡರ ವ್ಯತ್ಯಾಸವೇ ಮರುಹಂಚಿಕೆಯ ಪ್ರಮಾಣ. ಒಂದು ದೇಶದ ಮುಂಚಿನ ಅಂಕಿಯನ್ನು ಇನ್ನೊಂದರ ಆಮೇಲಿನ ಅಂಕಿಯ ಪಕ್ಕ ಇಟ್ಟು ತೀರ್ಪು ಕೊಡುವ ಬರಹಗಳು ಬಹಳ. ಇನ್ನೊಂದು ತಪ್ಪೂ ಅಷ್ಟೇ ಸಾಮಾನ್ಯ. ಕೆಲವು ದೇಶಗಳ ಸಮೀಕ್ಷೆ ಕೇಳುವುದು ಆದಾಯವನ್ನು, ಕೆಲವು ಕೇಳುವುದು ಖರ್ಚನ್ನು. ಉಳ್ಳವರು ಗಳಿಸಿದ್ದನ್ನೆಲ್ಲ ಖರ್ಚು ಮಾಡುವುದಿಲ್ಲವಾದ್ದರಿಂದ ಖರ್ಚಿನ ಗಿನಿ ಸಾಮಾನ್ಯವಾಗಿ ಕಡಿಮೆ ಬರುತ್ತದೆ. ಅದನ್ನು ಕಂಡು ಸಮಾನತೆ ಹೆಚ್ಚಿದೆ ಎನ್ನುವಂತಿಲ್ಲ. ಜೊತೆಗೆ, ಅತಿ ಶ್ರೀಮಂತರು ಸಮೀಕ್ಷೆಯವರ ಕೈಗೆ ಸಿಗುವುದು ಅಪರೂಪ. ಮೇಲ್ತುದಿಯನ್ನು ತಿಳಿಯಲು ತೆರಿಗೆ ದಾಖಲೆಗಳನ್ನೇ ನೋಡಬೇಕು.

ಗಿನಿಯ ಜೊತೆಗೆ ಕೆಳಗಿನ ಶೇ 40 ಮತ್ತು ಮೇಲಿನ ಶೇ 10 ಜನರ ಪಾಲನ್ನು ಬೇರೆಬೇರೆಯಾಗಿ ಬರೆದಿಟ್ಟುಕೊಳ್ಳಿ. ಏಕೆಂದರೆ ಒಂದೇ ಮೊತ್ತದ ಹಣ ಎಲ್ಲಿ ಇಳಿಯುತ್ತದೆ ಎಂಬುದರ ಮೇಲೆ ಫಲ ಬದಲಾಗುತ್ತದೆ. ಮೊದಲ ಊರಿನ 100ರ ಮನೆಯಿಂದ 20 ಎತ್ತಿ ಕೆಳಗಿನ ಎರಡು ಮನೆಗಳಿಗೆ ತಲಾ 10 ಕೊಟ್ಟರೆ ಸಾಲು 20, 30, 30, 40, 80 ಆಗುತ್ತದೆ, ಗಿನಿ 0.26ಕ್ಕೆ ಇಳಿಯುತ್ತದೆ. ಅದೇ 20 ಮೂರನೆಯ ಮತ್ತು ನಾಲ್ಕನೆಯ ಮನೆಗೆ ಹೋದರೆ ಸಾಲು 10, 20, 40, 50, 80, ಗಿನಿ 0.34. ತೆರಿಗೆಯ ಹೊರೆ ಎರಡರಲ್ಲೂ ಒಂದೇ, ಇಳಿಕೆ ಮಾತ್ರ ಒಂದರಲ್ಲಿ 0.14, ಇನ್ನೊಂದರಲ್ಲಿ 0.06. ಇಂಧನ ಸಬ್ಸಿಡಿ, ಸಂಬಳದಾರರ ಪಿಂಚಣಿಗೆ ಕೊಡುವ ತೆರಿಗೆ ರಿಯಾಯಿತಿ ಮುಂತಾದವು ಎರಡನೆಯ ಜಾತಿಗೆ ಸೇರಿದವು.

ಅಧ್ಯಯನಗಳಿಂದ ಎಷ್ಟನ್ನು ನಂಬಬಹುದು

1955ರಲ್ಲಿ ಅರ್ಥಶಾಸ್ತ್ರಜ್ಞ ಸೈಮನ್ ಕುಜ್ನೆಟ್ಸ್, ದೇಶ ಕೃಷಿಯಿಂದ ಕೈಗಾರಿಕೆಗೆ ಹೊರಳುವಾಗ ಅಸಮಾನತೆ ಮೊದಲು ಏರಿ ಆಮೇಲೆ ಇಳಿಯಬಹುದು ಎಂದು ಊಹಿಸಿದರು. ಅಮೆರಿಕ, ಇಂಗ್ಲೆಂಡ್, ಜರ್ಮನಿಯ ಅಲ್ಪ ದತ್ತಾಂಶದ ಮೇಲೆ ನಿಂತ ಆ ಊಹೆಯನ್ನು ಅನೇಕರು ನಿಯಮವೆಂದೇ ಓದಿಕೊಂಡರು. 1975ರಲ್ಲಿ ಆರ್ಥರ್ ಓಕನ್ ಸೋರುವ ಬಕೆಟ್ಟಿನ ಹೋಲಿಕೆ ಕೊಟ್ಟರು: ಉಳ್ಳವರಿಂದ ಇಲ್ಲದವರಿಗೆ ಹೊತ್ತೊಯ್ಯುವಾಗ ದಾರಿಯಲ್ಲಿ ಒಂದಷ್ಟು ಸೋರಿಹೋಗುತ್ತದೆ, ಎಷ್ಟು ಸೋರಿಕೆಯನ್ನು ಒಪ್ಪುತ್ತೀರಿ ಎಂಬುದು ಅವರ ಪ್ರಶ್ನೆ. ಒಳ್ಳೆಯ ಪ್ರಶ್ನೆಯೇ. ಆದರೆ ಬಕೆಟ್ಟು ಒಂದೇ ಅಲ್ಲ, ಪ್ರತಿ ಬಕೆಟ್ಟಿನ ತೂತು ಬೇರೆ ಜಾಗದಲ್ಲಿದೆ.

1994ರಲ್ಲಿ ಅಲೆಸಿನಾ–ರಾಡ್ರಿಕ್ ಮತ್ತು ಪರ್ಸನ್–ಟಬೆಲಿನಿ ಜೋಡಿಗಳು ಬೇರೆಬೇರೆಯಾಗಿ, ಅಸಮಾನತೆ ಹೆಚ್ಚಿದ್ದ ದೇಶಗಳು ನಿಧಾನವಾಗಿ ಬೆಳೆದವು ಎಂದು ತೋರಿಸಿದವು. ಅವರು ಕೊಟ್ಟ ಕಾರಣ ಗಮನಿಸಿ: ಬಡ ಬಹುಮತ ಹೆಚ್ಚು ತೆರಿಗೆ ಕೇಳುತ್ತದೆ, ತೆರಿಗೆ ಹೂಡಿಕೆಯನ್ನು ಕುಗ್ಗಿಸುತ್ತದೆ. ಇದು ನಿಜವಾದರೆ ಔಷಧಿಯೇ ವಿಷ. 2000ದಲ್ಲಿ ಕ್ರಿಸ್ಟಿನ್ ಫೋರ್ಬ್ಸ್ ಐದು ವರ್ಷಗಳ ಅವಧಿ ಹಿಡಿದು ನೋಡಿ, ಅಸಮಾನತೆ ಏರಿದ ಮೇಲೆ ಬೆಳವಣಿಗೆಯೂ ಏರಿದ್ದನ್ನು ಕಂಡರು. ಅದೇ ವರ್ಷ ರಾಬರ್ಟ್ ಬ್ಯಾರೋಗೆ ಬಡ ದೇಶಗಳಲ್ಲಿ ಒಂದು ಫಲಿತಾಂಶ, ಶ್ರೀಮಂತ ದೇಶಗಳಲ್ಲಿ ಅದರ ಉಲ್ಟಾ ಸಿಕ್ಕಿತು. 2003ರಲ್ಲಿ ಅಭಿಜಿತ್ ಬ್ಯಾನರ್ಜಿ ಮತ್ತು ಎಸ್ತರ್ ಡುಫ್ಲೋ, ಅಸಮಾನತೆ ಯಾವ ದಿಕ್ಕಿಗೆ ಹಠಾತ್ತಾಗಿ ಬದಲಾದರೂ ಬೆಳವಣಿಗೆ ತಗ್ಗುತ್ತದೆ, ಸರಳರೇಖೆ ಎಳೆಯುವುದೇ ತಪ್ಪು ಎಂದರು.

2014ರಲ್ಲಿ ಅಂತರರಾಷ್ಟ್ರೀಯ ಹಣಕಾಸು ನಿಧಿ, ಅಂದರೆ ಐಎಂಎಫ್‌ನ ಓಸ್ಟ್ರಿ, ಬರ್ಗ್, ತ್ಸಂಗರಿಡೆಸ್ ಮಾಡಿದ ಕೆಲಸದ ಬೆಲೆ ಇರುವುದು ಇಲ್ಲಿ: ಅಸಮಾನತೆಯನ್ನೂ ಮರುಹಂಚಿಕೆಯನ್ನೂ ಎರಡು ಬೇರೆ ಅಂಕಣಗಳಲ್ಲಿ ಇಟ್ಟು ನೋಡಿದರು. ಕೈಗೆ ಸಿಗುವ ಆದಾಯದಲ್ಲಿ ಅಂತರ ಕಡಿಮೆ ಇದ್ದಲ್ಲಿ ಬೆಳವಣಿಗೆ ವೇಗವಾಗಿಯೂ ಹೆಚ್ಚು ಕಾಲ ನಿಲ್ಲುವಂತೆಯೂ ಇತ್ತು. ಮರುಹಂಚಿಕೆಯಿಂದ ನೇರ ಹಾನಿ ಕಂಡದ್ದು ಅತಿರೇಕದ ಪ್ರಮಾಣದಲ್ಲಿ ಮಾತ್ರ, ಅದೂ ದುರ್ಬಲವಾಗಿ. ಅದೇ ವರ್ಷ, ಬಹುಪಾಲು ಶ್ರೀಮಂತ ದೇಶಗಳ ಕೂಟವಾದ ಒಇಸಿಡಿಯ ಅಧ್ಯಯನ, ಗಿನಿ 3 ಅಂಶ (ಮೇಲಿನ ಲೆಕ್ಕದಲ್ಲಿ 0.03) ಏರಿದರೆ 25 ವರ್ಷಗಳ ಕಾಲ ವಾರ್ಷಿಕ ಬೆಳವಣಿಗೆ ಸುಮಾರು 0.35 ಶೇಕಡಾ ಅಂಶ ಕುಗ್ಗುತ್ತದೆ ಎಂದು ಅಂದಾಜಿಸಿತು. ಅದು ಗುರುತಿಸಿದ ದಾರಿ ನನ್ನ ಮಟ್ಟಿಗೆ ಆ ಅಂಕಿಗಿಂತ ಮುಖ್ಯ: ಕೆಳಗಿನ ಶೇ 40ರ ಮನೆಗಳ ಮಕ್ಕಳ ಕಲಿಕೆ ಕುಂದುವುದು. ಗಲೋರ್ ಮತ್ತು ಝೈರಾ 1993ರಲ್ಲೇ ಇದರ ತರ್ಕ ಕೊಟ್ಟಿದ್ದರು. ಓದಿಗೆ ಒಂದೇ ಗಂಟಿನಲ್ಲಿ ಹಣ ಬೇಕು, ಬಡವರಿಗೆ ಸಾಲ ಹುಟ್ಟುವುದಿಲ್ಲ, ಹಾಗಾಗಿ ಬುದ್ಧಿ ಇದ್ದರೂ ಮಗು ಕೂಲಿಗೆ ಹೋಗುತ್ತದೆ. ದೇಶ ಆ ಬುದ್ಧಿಯನ್ನು ಕಳೆದುಕೊಳ್ಳುತ್ತದೆ.

ದೇಶ ದೇಶಗಳನ್ನು ಹೋಲಿಸುವ ಈ ಲೆಕ್ಕಗಳು ದಿಕ್ಕು ತೋರಿಸಲು ಸಾಕು. ಯಾವ ಯೋಜನೆ ಎಂದು ಆರಿಸಲು ಸಾಲವು. ಅದಕ್ಕೆ ಒಂದೊಂದು ಸಾಧನದ ಮೇಲೆ ನಡೆದ ಪರೀಕ್ಷೆಗಳನ್ನೇ ನೋಡಬೇಕು.

ಬೆಲೆ ಇಳಿಸುವುದೇ, ಪದಾರ್ಥ ಕೊಡುವುದೇ, ನಗದೇ?

ಬೆಲೆ ಸಬ್ಸಿಡಿ ಶುರುಮಾಡಲು ಅತಿ ಸುಲಭ, ನಿಲ್ಲಿಸಲು ಅತಿ ಕಷ್ಟ. ಯಾರ ಪಟ್ಟಿಯೂ ಬೇಕಿಲ್ಲ, ಬೆಲೆ ಇಳಿಸಿದರೆ ಆಯಿತು. ಆದರೆ ಹೆಚ್ಚು ಕೊಳ್ಳುವವರಿಗೆ ಹೆಚ್ಚು ಲಾಭ. ಅಭಿವೃದ್ಧಿಶೀಲ ದೇಶಗಳ ಇಂಧನ ಸಬ್ಸಿಡಿಯಲ್ಲಿ ಮೇಲಿನ ಶೇ 20 ಮನೆಗಳಿಗೆ ಸಿಗುವುದು ಕೆಳಗಿನ ಶೇ 20ಕ್ಕೆ ಸಿಗುವುದರ ಸುಮಾರು ಆರು ಪಟ್ಟು ಎಂದು ಐಎಂಎಫ್‌ನ 2012ರ ವಿಶ್ಲೇಷಣೆ ಹೇಳಿತು. ಬೆಳವಣಿಗೆಗೂ ಇದು ಕೆಟ್ಟದ್ದು: ಅಗ್ಗದ ಇಂಧನವನ್ನು ನಂಬಿ ಕಾರ್ಖಾನೆಗಳು, ವಾಹನಗಳು ಹುಟ್ಟಿಕೊಳ್ಳುತ್ತವೆ, ಕಳ್ಳಸಾಗಣೆ ಬೆಳೆಯುತ್ತದೆ, ಶಾಲೆಗೆ ಹೋಗಬೇಕಾದ ಬೊಕ್ಕಸದ ಹಣ ಹೊಗೆಯಾಗುತ್ತದೆ.

ನಗದಿನ ಬಗ್ಗೆ ಇರುವ ದೊಡ್ಡ ಭಯ, ಜನ ಸೋಮಾರಿಗಳಾಗುತ್ತಾರೆ ಎಂಬುದು. ನೆರವು ಯಾರಿಗೆ ಎಂಬುದನ್ನು ಚೀಟಿ ಎತ್ತಿದಂತೆ ಆರಿಸುವ ಯಾದೃಚ್ಛಿಕ ಪ್ರಯೋಗಗಳಲ್ಲಿ ಆರು ದೇಶಗಳ ಏಳನ್ನು 2017ರಲ್ಲಿ ಒಟ್ಟಿಗೆ ವಿಶ್ಲೇಷಿಸಿದಾಗ ಕೆಲಸ ಕಡಿಮೆಯಾದ ಗುರುತು ಸಿಗಲಿಲ್ಲ. ಎರಡನೆಯ ಭಯ ಬೆಲೆ ಏರಿಕೆಯದು. ಕೆನ್ಯಾದ ಗ್ರಾಮಾಂತರದಲ್ಲಿ 653 ಹಳ್ಳಿಗಳನ್ನು ಒಳಗೊಂಡ ಪ್ರಯೋಗದಲ್ಲಿ 10,500ಕ್ಕೂ ಹೆಚ್ಚು ಮನೆಗಳಿಗೆ ತಲಾ ಸುಮಾರು 1,000 ಡಾಲರ್ ಕೊಡಲಾಯಿತು. ಬೆಲೆಗಳು ಏರಿದ್ದು ಅತ್ಯಲ್ಪ. ಕೊಟ್ಟ ಪ್ರತಿ ಡಾಲರಿಗೆ ಸ್ಥಳೀಯ ಆರ್ಥಿಕತೆ ಸುಮಾರು ಎರಡೂವರೆ ಡಾಲರ್ ಹಿಗ್ಗಿತು, ನೆರವು ಸಿಗದ ಮನೆಗಳ ಖರ್ಚೂ ಹೆಚ್ಚಿತು. ಆದರೆ ಇಲ್ಲೊಂದು ಎಚ್ಚರ ಬೇಕು. ಆ ಹಣ ಹೊರಗಿನಿಂದ ಬಂದದ್ದು, ಅಲ್ಲಿನವರ ಮೇಲೆ ತೆರಿಗೆ ಹಾಕಿ ಎತ್ತಿದ್ದಲ್ಲ. ಸ್ವಂತ ತೆರಿಗೆಯಿಂದ ಕೊಡುವ ದೇಶ ಆ ಎರಡೂವರೆ ಪಟ್ಟಿನ ಲೆಕ್ಕವನ್ನು ಹಾಗೇ ಎರವಲು ಪಡೆಯಬಾರದು.

ಪದಾರ್ಥ ಕೊಡುವುದೇ ಮೇಲಾದ ಜಾಗವೂ ಇದೆ. ಮೆಕ್ಸಿಕೋದ ಆಹಾರ ನೆರವಿನ ಪ್ರಯೋಗದಲ್ಲಿ ಕೆಲವು ಹಳ್ಳಿಗಳಿಗೆ ಪೊಟ್ಟಣ, ಕೆಲವಕ್ಕೆ ನಗದು ಹೋಯಿತು. ಪೊಟ್ಟಣ ಹೋದ ಹಳ್ಳಿಗಳಲ್ಲಿ ಆಹಾರದ ಬೆಲೆ ಇಳಿಯಿತು. ಈ ವ್ಯತ್ಯಾಸ ದೂರದ, ಅಂಗಡಿಗಳು ಕಡಿಮೆ ಇರುವ ಹಳ್ಳಿಗಳಲ್ಲಿ ಹೆಚ್ಚಾಗಿ ಕಂಡಿತು. ರಸ್ತೆ ಸರಿಯಿದ್ದು, ವ್ಯಾಪಾರಿಗಳ ನಡುವೆ ಪೈಪೋಟಿ ಇದ್ದರೆ ನಗದು. ಒಬ್ಬನೇ ವ್ಯಾಪಾರಿ ಇಡೀ ಕಣಿವೆಗೆ ಬೆಲೆ ಕಟ್ಟುವಂತಿದ್ದರೆ ಪದಾರ್ಥ.

ನಗದಿಗೆ ಷರತ್ತು ಬೇಕೇ? ಷರತ್ತಿಗೆ ಖರ್ಚಿದೆ, ಹಾಜರಿ ಪುಸ್ತಕ, ಆರೋಗ್ಯ ಕೇಂದ್ರದ ಮೊಹರು, ಪರಿಶೀಲಕ ಎಲ್ಲಾ ಬೇಕು. ಮೆಕ್ಸಿಕೋ 1997ರಲ್ಲಿ ಶುರುಮಾಡಿದ ಪ್ರೊಗ್ರೆಸಾ ಯೋಜನೆಯಲ್ಲಿ ಶೇ 85 ಹಾಜರಿ ಕಡ್ಡಾಯವಿತ್ತು, ಹಣ ತಾಯಿಯ ಕೈಗೆ, ತರಗತಿ ಏರಿದಂತೆ ಮೊತ್ತವೂ ಏರಿಕೆ, ಮಾಧ್ಯಮಿಕದಲ್ಲಿ ಹುಡುಗಿಯರಿಗೆ ಹೆಚ್ಚು. ಪ್ರಾಥಮಿಕದಲ್ಲಿ ಬಹುತೇಕ ಎಲ್ಲ ಮಕ್ಕಳೂ ಮೊದಲೇ ಬರುತ್ತಿದ್ದುದರಿಂದ ಅಲ್ಲಿ ಷರತ್ತಿನ ಫಲ ಕಡಿಮೆ, ಬಿಟ್ಟುಹೋಗುವ ಹೊತ್ತಾದ ಮಾಧ್ಯಮಿಕದಲ್ಲಿ ಹೆಚ್ಚು. ಮಲಾವಿಯಲ್ಲಿ ಹದಿಹರೆಯದ ಹುಡುಗಿಯರ ಎರಡು ಗುಂಪುಗಳನ್ನು ಹೋಲಿಸಿದಾಗ ಷರತ್ತಿನ ಹಣ ಶಾಲೆ ಬಿಡುವುದನ್ನು ಹೆಚ್ಚು ತಡೆಯಿತು. ಷರತ್ತಿಲ್ಲದ ಹಣ, ಶಾಲೆ ಬಿಟ್ಟ ಹುಡುಗಿಯರ ಬೇಗ ಮದುವೆಯನ್ನೂ ಬಸಿರನ್ನೂ ತಡೆಯಿತು. ಷರತ್ತು ಹಾಕಿದಾಗ ಅದನ್ನು ಪೂರೈಸಲಾಗದವರೇ ಹಲವು ಬಾರಿ ಅತಿ ಬಡವರು ಎಂಬುದನ್ನು ಮರೆಯಬಾರದು. ಶಾಲೆಯೇ ಹತ್ತಿರ ಇಲ್ಲದ ಕಡೆ ಹಾಜರಿಯ ಷರತ್ತು ಕ್ರೂರ.

ಹಿಂತೆಗೆತದ ದರ: ಬಹುಪಾಲು ಯೋಜನೆಗಳು ಕೆಡುವ ಜಾಗ

ಇದರ ಮೇಲೆ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕು. ಒಂದು ಯೋಜನೆ ಹೀಗಿದೆ ಎಂದುಕೊಳ್ಳಿ: ತಿಂಗಳ ಗಳಿಕೆ 10,000ದ ಒಳಗಿದ್ದರೆ 6,000 ನೆರವು, ದಾಟಿದರೆ ಸೊನ್ನೆ. 9,900 ಗಳಿಸುವ ಮನೆಗೆ ಒಟ್ಟು 15,900 ಸಿಗುತ್ತದೆ. ಇನ್ನೆರಡು ಗಂಟೆ ಹೆಚ್ಚು ದುಡಿದು 10,100 ಗಳಿಸಿದರೆ ಕೈಯಲ್ಲಿ ಉಳಿಯುವುದು 10,100. 200 ಹೆಚ್ಚು ದುಡಿದದ್ದಕ್ಕೆ 5,800 ದಂಡ. ಮತ್ತೆ ಮೊದಲಿನ ಸ್ಥಿತಿಗೆ ಬರಬೇಕಾದರೆ ಗಳಿಕೆ 15,900 ಮುಟ್ಟಬೇಕು. ಇಂಥ ಕಡಿದಾದ ಅಂಚಿನ ಮುಂದೆ ನಿಂತ ಮನುಷ್ಯ ಮೂರರಲ್ಲಿ ಒಂದು ಮಾಡುತ್ತಾನೆ: ಹೆಚ್ಚುವರಿ ಕೆಲಸ ಒಲ್ಲೆ ಎನ್ನುತ್ತಾನೆ, ಗಳಿಕೆ ಮುಚ್ಚಿಡುತ್ತಾನೆ, ಇಲ್ಲವೇ ಕೂಲಿಯನ್ನು ಲೆಕ್ಕಕ್ಕೆ ಬಾರದಂತೆ ಕೈಗೇ ಕೊಡಿ ಎಂದು ಮಾಲೀಕನನ್ನು ಕೇಳುತ್ತಾನೆ. ಮೂರನೆಯದು ದೇಶಕ್ಕೆ ಅತಿ ದುಬಾರಿ. ದಾಖಲೆಯಿಲ್ಲದ ಕೆಲಸ, ಬೆಳೆಯದ ಸಣ್ಣ ಘಟಕ, ಸವೆಯುವ ತೆರಿಗೆಯ ತಳ.

ಅಂಚನ್ನು ಇಳಿಜಾರು ಮಾಡಿ. 10,000 ದಾಟಿದ ಮೇಲೆ ಪ್ರತಿ 100 ಹೆಚ್ಚುವರಿ ಗಳಿಕೆಗೆ ನೆರವಿನಲ್ಲಿ 30 ಕಡಿತ ಎಂದರೆ, 6,000 ಪೂರ್ತಿ ಕರಗಲು 20,000 ಹೆಚ್ಚುವರಿ ಗಳಿಕೆ ಬೇಕು. ಅಂದರೆ ನೆರವು 30,000ದವರೆಗೂ ಒಂದಿಷ್ಟು ಸಿಗುತ್ತದೆ, ದುಡಿದ ಪ್ರತಿ ನೂರರಲ್ಲಿ 70 ಉಳಿಯುತ್ತದೆ. ಖರ್ಚು ಜಾಸ್ತಿ, ಏಕೆಂದರೆ ಮಧ್ಯದ ಜನರೂ ಒಳಗೆ ಬರುತ್ತಾರೆ. ಕಡಿತವನ್ನು 60 ಮಾಡಿದರೆ ನೆರವು 20,000ಕ್ಕೇ ಮುಗಿಯುತ್ತದೆ, ಖರ್ಚು ಇಳಿಯುತ್ತದೆ, ದುಡಿಮೆಯ ಆಸೆಯೂ ಇಳಿಯುತ್ತದೆ. ಗರಿಷ್ಠ ನೆರವು, ಕಡಿತದ ದರ, ಒಟ್ಟು ಖರ್ಚು: ಈ ಮೂರರಲ್ಲಿ ಎರಡನ್ನು ನೀವು ನಿಗದಿ ಮಾಡಬಹುದು, ಮೂರನೆಯದು ತಾನಾಗಿ ನಿಗದಿಯಾಗುತ್ತದೆ.

ಒಂದರ ಮೇಲೊಂದು ಯೋಜನೆ ಪೇರಿಸಿದಾಗಲೇ ನಿಜವಾದ ಅನಾಹುತ. ನಗದು ನೆರವಿನ ಕಡಿತ 30, ಬಾಡಿಗೆ ನೆರವಿನ ಕಡಿತ 25, ಸಾಮಾಜಿಕ ವಿಮೆಯ ವಂತಿಗೆ 10, ಆದಾಯ ತೆರಿಗೆ 10. ಎಲ್ಲವೂ ಒಟ್ಟು ಗಳಿಕೆಯ ಮೇಲೆಯೇ ಕೂತರೆ ಮೊತ್ತ 75. ಬಡ ಕುಟುಂಬದ ಮೇಲೆ ಕೋಟ್ಯಧೀಶನಿಗಿಂತ ಹೆಚ್ಚಿನ ದರ. ನಾಲ್ಕು ಇಲಾಖೆಗಳಲ್ಲಿ ಯಾರೂ ಇದನ್ನು ಉದ್ದೇಶಿಸಿರುವುದಿಲ್ಲ, ಕೂಡಿಸಿ ನೋಡಿದವರೂ ಇರುವುದಿಲ್ಲ. ಆದ್ದರಿಂದ ಹೊಸ ಯೋಜನೆಯನ್ನು ಒಪ್ಪುವ ಮೊದಲು ಒಂದು ಹಾಳೆ ತೆಗೆದುಕೊಂಡು, ಗಳಿಕೆಯನ್ನು 1,000ದ ಹೆಜ್ಜೆಗಳಲ್ಲಿ ಏರಿಸುತ್ತಾ, ಪ್ರತಿ ಹೆಜ್ಜೆಯಲ್ಲಿ ಎಲ್ಲ ತೆರಿಗೆ ಎಲ್ಲ ನೆರವು ಸೇರಿಸಿ ಕೈಗೆ ಉಳಿಯುವುದನ್ನು ಬರೆಯಿರಿ. ಒಬ್ಬಂಟಿ, ಇಬ್ಬರು ಮಕ್ಕಳ ತಾಯಿ, ಇಬ್ಬರೂ ದುಡಿಯುವ ದಂಪತಿ, ಕನಿಷ್ಠ ಈ ಮೂರು ಮಾದರಿಗಳಿಗೆ ಮಾಡಿ. ಯಾವ ಹೆಜ್ಜೆಯಲ್ಲಾದರೂ ಕೈಗೆ ಉಳಿಯುವುದು ಇಳಿದರೆ ಆ ಯೋಜನೆ ಇನ್ನೂ ಸಿದ್ಧವಾಗಿಲ್ಲ. ಒಟ್ಟು ಕಡಿತ 60 ದಾಟದಂತೆ ನೋಡಿಕೊಳ್ಳುವುದು ನನ್ನ ಲೆಕ್ಕದಲ್ಲಿ ಸುರಕ್ಷಿತ ಗೆರೆ. ಹಲವು ನೆರವುಗಳನ್ನು ಒಂದುಗೂಡಿಸಿದ ಬ್ರಿಟನ್ನಿನ ಯೂನಿವರ್ಸಲ್ ಕ್ರೆಡಿಟ್ ಯೋಜನೆ 2013ರಲ್ಲಿ 65ರ ಕಡಿತದಿಂದ ಆರಂಭವಾಗಿ, 2017ರಲ್ಲಿ 63ಕ್ಕೆ, 2021ರ ಕೊನೆಗೆ 55ಕ್ಕೆ ಇಳಿದದ್ದು ಇದೇ ಒತ್ತಡದಿಂದ.

ಹಾಗಾದರೆ ಎಲ್ಲರಿಗೂ ಕೊಟ್ಟುಬಿಟ್ಟರೆ? ಎಲ್ಲರಿಗೂ 6,000 ಕೊಟ್ಟು, 10,000ದಿಂದ 30,000ದವರೆಗಿನ ಗಳಿಕೆಯ ಮೇಲೆ ಶೇ 30 ಹೆಚ್ಚುವರಿ ತೆರಿಗೆ ಹಾಕಿದರೆ, ಪ್ರತಿ ಮನೆಯ ಕೈಗೆ ಕೊನೆಗೆ ಉಳಿಯುವುದು ಮೇಲಿನ ಇಳಿಜಾರು ಯೋಜನೆಯಲ್ಲಿ ಉಳಿದಷ್ಟೇ. ಗಣಿತ ಒಂದೇ. ವ್ಯತ್ಯಾಸವಿರುವುದು ದಾಖಲೆಯ ಹೊರೆ ಯಾರ ಮೇಲೆ ಬೀಳುತ್ತದೆ ಎಂಬುದರಲ್ಲಿ. ಗುರಿಯಿಟ್ಟ ಯೋಜನೆಯಲ್ಲಿ ಬಡವಳು ತಾನು ಬಡವಳೆಂದು ಸಾಬೀತು ಮಾಡಬೇಕು. ಸಾರ್ವತ್ರಿಕದಲ್ಲಿ ಗಳಿಸುವವನು ತೆರಿಗೆ ಕಟ್ಟಬೇಕು. ತೆರಿಗೆ ಇಲಾಖೆ ಗಟ್ಟಿಯಾಗಿರುವ ದೇಶಕ್ಕೆ ಸಾರ್ವತ್ರಿಕ ನೆರವು ಸುಲಭ. ಬಹುಪಾಲು ಜನ ತೆರಿಗೆಯ ಬಲೆಯ ಹೊರಗಿದ್ದರೆ ಕೊಟ್ಟ ಹಣ ಮೇಲಿನವರಿಂದ ವಾಪಸು ಬರುವುದಿಲ್ಲ. ಆಗ ಗುರಿ ಅನಿವಾರ್ಯ.

ಗುರಿಯಿಡಲು ಮನೆಯ ಗೋಡೆ, ಛಾವಣಿ, ದನ, ವಾಹನ ನೋಡಿ ಅಂಕ ಕೊಡುವ ಪದ್ಧತಿ ಬಹಳ ಕಡೆ ಇದೆ. ಆಫ್ರಿಕದ ಒಂಬತ್ತು ದೇಶಗಳ ದತ್ತಾಂಶದ ಮೇಲೆ 2018ರಲ್ಲಿ ಪ್ರಕಟವಾದ ಪರಿಶೀಲನೆಯಲ್ಲಿ ಈ ಪದ್ಧತಿ ಬಡವರಲ್ಲದವರನ್ನು ಹೊರಗಿಡುವ ಭರದಲ್ಲಿ ಬಡವರನ್ನೂ ದೊಡ್ಡ ಸಂಖ್ಯೆಯಲ್ಲಿ ಹೊರಗಿಟ್ಟಿತ್ತು. ಛಾವಣಿ ಹತ್ತು ವರ್ಷ ಬಾಳುತ್ತದೆ, ಕೆಲಸ ಹೋಗುವುದು ಒಂದೇ ದಿನದಲ್ಲಿ. ಇಂಡೋನೇಷ್ಯಾದ 640 ಹಳ್ಳಿ–ಬಡಾವಣೆಗಳಲ್ಲಿ ನಡೆದ ಹೋಲಿಕೆಯಲ್ಲಿ ಮನೆಯವರ ಖರ್ಚನ್ನೇ ಬಡತನದ ಅಳತೆಯಾಗಿ ಹಿಡಿದರೆ ಅಂಕ ಪದ್ಧತಿ ತುಸು ನಿಖರ, ಆದರೆ ಊರವರೇ ಕೂತು ಮಾಡಿದ ಪಟ್ಟಿಗೆ ಜನರ ಒಪ್ಪಿಗೆ ಹೆಚ್ಚು. ಅಂಕ ಪದ್ಧತಿಯನ್ನೇ ಇಟ್ಟುಕೊಂಡರೂ ಮೇಲ್ಮನವಿಗೆ ದಾರಿ ಮತ್ತು ವರ್ಷದ ಯಾವ ದಿನವಾದರೂ ಅರ್ಜಿ ಹಾಕುವ ಅವಕಾಶ ಇರಲೇಬೇಕು.

ಕನಿಷ್ಠ ವೇತನ ಮತ್ತು ದುಡಿಮೆಗೆ ಪೂರಕ

ಕನಿಷ್ಠ ವೇತನಕ್ಕೆ ಬೊಕ್ಕಸದಿಂದ ಖರ್ಚಿಲ್ಲ. 1992ರಲ್ಲಿ ನ್ಯೂಜೆರ್ಸಿ ಗಂಟೆಗೆ 4.25 ಡಾಲರಿನಿಂದ 5.05ಕ್ಕೆ ಏರಿಸಿದಾಗ ಪಕ್ಕದ ಪೆನ್ಸಿಲ್ವೇನಿಯಾದ ತಿಂಡಿ ಮಳಿಗೆಗಳಿಗೆ ಹೋಲಿಸಿದರೆ ಉದ್ಯೋಗ ಕುಸಿಯಲಿಲ್ಲ ಎಂದು ಕಾರ್ಡ್ ಮತ್ತು ಕ್ರೂಗರ್ ತೋರಿಸಿದರು. ಜರ್ಮನಿ 2015ರಲ್ಲಿ 8.50 ಯೂರೋ ಜಾರಿಗೆ ತಂದ ಮೇಲೆ ಕಡಿಮೆ ಕೂಲಿಯವರು ಹೆಚ್ಚು ಉತ್ಪಾದಕ ಸಂಸ್ಥೆಗಳತ್ತ ಸರಿದದ್ದು ಕಂಡುಬಂತು. ಇದು ನೇರವಾಗಿ ಬೆಳವಣಿಗೆಯ ಲಾಭ. ಆದರೆ ಈ ಎರಡೂ ಕಡೆ ಕೂಲಿಗೆ ದಾಖಲೆಯಿತ್ತು. ಬಹುಪಾಲು ದುಡಿಮೆ ಅನೌಪಚಾರಿಕವಾಗಿರುವಲ್ಲಿ ಆದೇಶ ಕಾಗದದಲ್ಲಿ ಉಳಿಯುತ್ತದೆ. ಮಟ್ಟ ನಿಗದಿ ಮಾಡುವಾಗ ಮಧ್ಯಕ ಕೂಲಿಯ (ಅರ್ಧ ಜನರಿಗೆ ಅದಕ್ಕಿಂತ ಹೆಚ್ಚು, ಅರ್ಧ ಜನರಿಗೆ ಕಡಿಮೆ ಸಿಗುವ ಕೂಲಿ) ಎಷ್ಟು ಭಾಗ ಎಂದು ನೋಡಿ. ಅರ್ಧದ ಆಸುಪಾಸಿನಿಂದ ಶುರುಮಾಡಿ, ಉದ್ಯೋಗದ ಅಂಕಿ ನೋಡುತ್ತಾ ಏರಿಸುವುದು ಜಾಣತನ. ರಾಷ್ಟ್ರಕ್ಕೆಲ್ಲ ಒಂದೇ ಮಟ್ಟ ಇಟ್ಟರೆ ಕೂಲಿ ಕಡಿಮೆ ಇರುವ ಪ್ರದೇಶದಲ್ಲಿ ಅದು ಮಧ್ಯಕವನ್ನೇ ಮುಟ್ಟಿಬಿಡಬಹುದು.

ದುಡಿಮೆಗೆ ಪೂರಕ ಕೊಡುವ ಮಾದರಿ ಅಮೆರಿಕದ ಇಐಟಿಸಿ, ಅಂದರೆ ಕಡಿಮೆ ಗಳಿಕೆಯವರಿಗೆ ತೆರಿಗೆ ಲೆಕ್ಕದ ಮೂಲಕ ಹಣ ಸೇರಿಸುವ ವ್ಯವಸ್ಥೆ, 1975ರಿಂದ ಇದೆ. ಇಬ್ಬರು ಮಕ್ಕಳಿರುವ ಕುಟುಂಬಕ್ಕೆ ಆರಂಭದ ಪ್ರತಿ ಡಾಲರ್ ಗಳಿಕೆಗೆ 40 ಸೆಂಟ್ ಸೇರುತ್ತದೆ, ನಂತರ ಸಮತಟ್ಟು, ಆಮೇಲೆ ಡಾಲರಿಗೆ ಸುಮಾರು 21 ಸೆಂಟ್‌ನಂತೆ ಇಳಿಕೆ. ಒಂಟಿ ತಾಯಂದಿರು ಕೆಲಸಕ್ಕೆ ಬರಲು ಇದು ನೆರವಾಯಿತು. ಕೆಲಸವೇ ಇಲ್ಲದವರಿಗೆ ಏನೂ ಸಿಗದು ಎಂಬುದು ಮೊದಲ ಕೊರತೆ. ಪೂರಕ ಇದೆಯೆಂದು ಮಾಲೀಕ ಕೂಲಿಯನ್ನೇ ತಗ್ಗಿಸಬಹುದು ಎಂಬುದು ಎರಡನೆಯದು. ಅದನ್ನು ತಡೆಯಲು ಕನಿಷ್ಠ ವೇತನವೂ ಜೊತೆಗಿರಬೇಕು. ಇವೆರಡನ್ನು ಎದುರಾಳಿಗಳಂತೆ ನಿಲ್ಲಿಸುವುದು ತಪ್ಪು.

ಮಕ್ಕಳು ಮತ್ತು ಆಸ್ತಿ

ಬೆಳವಣಿಗೆಯೊಂದನ್ನೇ ನೋಡಿ ಒಂದೇ ಆಯ್ಕೆ ಮಾಡಿ ಎಂದರೆ ನಾನು ಬಡ ಮನೆಗಳ ಮಕ್ಕಳ ಆರೋಗ್ಯ ಮತ್ತು ಕಲಿಕೆಯನ್ನೇ ಆರಿಸುತ್ತೇನೆ. ಅಮೆರಿಕದ 133 ನೀತಿಗಳನ್ನು ಒಂದೇ ಅಳತೆಗೋಲಿನಲ್ಲಿ ಇಟ್ಟ 2020ರ ಅಧ್ಯಯನದಲ್ಲಿ ಅತಿ ಹೆಚ್ಚು ಫಲ ಕೊಟ್ಟದ್ದು ಇದೇ ಗುಂಪು. ಅವುಗಳಲ್ಲಿ ಹಲವು, ಮಕ್ಕಳು ದೊಡ್ಡವರಾಗಿ ಕಟ್ಟಿದ ತೆರಿಗೆಯಿಂದಲೇ ಹಾಕಿದ ಖರ್ಚನ್ನು ಮರಳಿಸಿದವು. ಇಂಡೋನೇಷ್ಯಾ 1973ರಿಂದ ಐದಾರು ವರ್ಷಗಳಲ್ಲಿ 61,000ಕ್ಕೂ ಹೆಚ್ಚು ಪ್ರಾಥಮಿಕ ಶಾಲೆ ಕಟ್ಟಿತು. ಸಾವಿರ ಮಕ್ಕಳಿಗೆ ಒಂದು ಶಾಲೆ ಹೆಚ್ಚಾದರೆ ಓದು 0.12ರಿಂದ 0.19 ವರ್ಷ, ಮುಂದಿನ ಕೂಲಿ ಶೇ 1.5ರಿಂದ 2.7 ಏರಿತು ಎಂದು ಡುಫ್ಲೋ ಲೆಕ್ಕ ಹಾಕಿದರು. ತೊಡಕು ಕಾಲದ್ದು: ಫಲ ಕಾಣಲು ಹದಿನೈದು ಇಪ್ಪತ್ತು ವರ್ಷ, ಚುನಾವಣೆ ಅದಕ್ಕಿಂತ ಬೇಗ ಬರುತ್ತದೆ. ಕಟ್ಟಡ ಕಟ್ಟಿ ಶಿಕ್ಷಕರನ್ನು ಕೊಡದಿದ್ದರೆ ಫಲವೂ ಇಲ್ಲ. ಹಸಿದ ಮಗು ಇಪ್ಪತ್ತು ವರ್ಷ ಕಾಯಲಾರದು, ಹಾಗಾಗಿ ನಗದಿನ ಜಾಗಕ್ಕೆ ಶಾಲೆಯನ್ನು ತರಬಾರದು, ಜೊತೆಗೆ ತರಬೇಕು.

ಆಸ್ತಿಯ ಮರುಹಂಚಿಕೆಯಲ್ಲಿ ಗೆದ್ದವರೂ ಸೋತವರೂ ಕಣ್ಣಮುಂದೆ ಇದ್ದಾರೆ. ತೈವಾನ್ 1949ರಲ್ಲಿ ಗೇಣಿಯನ್ನು ಬೆಳೆಯ ಶೇ 37.5ಕ್ಕೆ ಮಿತಿಗೊಳಿಸಿತು, 1951ರಲ್ಲಿ ಸರ್ಕಾರಿ ಜಮೀನು ಮಾರಿತು, 1953ರಲ್ಲಿ ಉಳುವವರಿಗೆ ಭೂಮಿ ಕೊಟ್ಟಿತು. ಭೂಮಾಲೀಕರಿಗೆ ಪರಿಹಾರವಾಗಿ ಶೇ 70 ಭೂಬಾಂಡ್, ಶೇ 30 ಸರ್ಕಾರಿ ಉದ್ಯಮಗಳ ಷೇರು. ರೈತನಿಗೆ ಹಕ್ಕುಪತ್ರ, ಹಳೆಯ ಒಡೆಯನಿಗೆ ಕೈಗಾರಿಕೆಯಲ್ಲಿ ಪಾಲು. ಜಿಂಬಾಬ್ವೆಯಲ್ಲಿ 2000ದಿಂದ ಜಮೀನು ಕೈಬದಲಾದದ್ದು ಪರಿಹಾರವೂ ಇಲ್ಲದೆ, ಹೊಸಬರಿಗೆ ಅಡವಿಡಬಹುದಾದ ಹಕ್ಕುಪತ್ರವೂ ಇಲ್ಲದೆ. ಸಾಲದ ದಾರಿ ಮುಚ್ಚಿತು, ಉತ್ಪಾದನೆ ಕುಸಿಯಿತು. ಜಮೀನು ಹಂಚಲಾಗದ ಕಡೆ ಗೇಣಿದಾರನ ಹಕ್ಕನ್ನು ದಾಖಲಿಸುವುದು ಮಧ್ಯಮ ದಾರಿ. ಪಶ್ಚಿಮ ಬಂಗಾಳದ ಆಪರೇಷನ್ ಬರ್ಗಾದಲ್ಲಿ ಪಾಲುಗಾರರ ಹೆಸರು ದಾಖಲಾದ ಮೇಲೆ ಇಳುವರಿ ಏರಿತು. ಭೂಮಿಯೇ ಇಲ್ಲದ ಅತಿ ಬಡವರಿಗೆ ದನ ಅಥವಾ ಸಣ್ಣ ಬಂಡವಾಳ, ಕೆಲವು ತಿಂಗಳ ಊಟದ ಖರ್ಚು, ತರಬೇತಿ, ಸುಮಾರು ಎರಡು ವರ್ಷದ ಭೇಟಿ, ಎಲ್ಲ ಸೇರಿದ ಪೊಟ್ಟಣ ಆರು ದೇಶಗಳ ಪ್ರಯೋಗದಲ್ಲಿ ಫಲಿಸಿತು, ನೆರವು ನಿಂತು ಒಂದು ವರ್ಷದ ಮೇಲೂ ಲಾಭ ಉಳಿದಿತ್ತು. ತಲೆಗೆ ಖರ್ಚು ಹೆಚ್ಚು, ಆದರೆ ಒಮ್ಮೆ ಮಾತ್ರ.

ಹಣ ಎತ್ತುವ ಕಡೆ

ದೊಡ್ಡ ಕಲ್ಯಾಣ ರಾಜ್ಯಗಳು ನಿಂತಿರುವುದು ಶ್ರೀಮಂತರ ತೆರಿಗೆಯ ಮೇಲೆ ಮಾತ್ರ ಎಂದುಕೊಂಡವರಿಗೆ ಡೆನ್ಮಾರ್ಕ್ ಆಶ್ಚರ್ಯ ಹುಟ್ಟಿಸುತ್ತದೆ. ಅಲ್ಲಿ ಹೆಚ್ಚುಕಡಿಮೆ ಎಲ್ಲ ವಸ್ತುಗಳ ಮೇಲೆ ಶೇ 25 ವ್ಯಾಟ್, ಆಹಾರದ ಮೇಲೂ. ಬಡವರಿಗೆ ಲಾಭವಾಗುವುದು ಖರ್ಚಿನ ಬದಿಯಲ್ಲಿ. ಆಹಾರಕ್ಕೆ ಕಡಿಮೆ ದರ ಇಟ್ಟರೆ ರಿಯಾಯಿತಿಯ ಹೆಚ್ಚಿನ ಹಣ ಹೆಚ್ಚು ಕೊಳ್ಳುವವರಿಗೇ ಹೋಗುತ್ತದೆ. ಪೂರ್ಣ ದರ ಎತ್ತಿ, ಅದರಲ್ಲೊಂದು ಭಾಗವನ್ನು ಕೆಳಗಿನವರಿಗೆ ನಗದಾಗಿ ಮರಳಿಸುವುದು ಹೆಚ್ಚು ಸಮಾನ. ಕೆನಡಾ ಕಡಿಮೆ ಆದಾಯದವರಿಗೆ ಮೂರು ತಿಂಗಳಿಗೊಮ್ಮೆ ಹೀಗೆ ಮರಳಿಸುತ್ತಾ ಬಂದಿದೆ. ಆದರೆ ಹಣ ಮುಟ್ಟಿಸುವ ಜಾಲ ಮೊದಲು ಸಿದ್ಧವಿರಬೇಕು. ಇಲ್ಲದಿದ್ದರೆ ತೆರಿಗೆ ಇಂದು ಬರುತ್ತದೆ, ಪರಿಹಾರ ಎಂದೂ ಬರುವುದಿಲ್ಲ.

ಆದಾಯ ತೆರಿಗೆಯಲ್ಲಿ ದರಕ್ಕಿಂತ ಸಂದುಗಳನ್ನು ನೋಡಿ. ಕೂಲಿ, ಲಾಭಾಂಶ, ಬಂಡವಾಳ ಲಾಭಗಳಿಗೆ ಬೇರೆಬೇರೆ ದರವಿದ್ದರೆ ಆದಾಯ ವೇಷ ಬದಲಿಸುತ್ತದೆ. 2012ರಲ್ಲಿ ಅಮೆರಿಕದ ಕಾನ್ಸಾಸ್ ರಾಜ್ಯ ಕೆಲವು ಬಗೆಯ ವ್ಯಾಪಾರದ ಆದಾಯಕ್ಕೆ ತೆರಿಗೆಯನ್ನೇ ತೆಗೆಯಿತು. ವರಮಾನ ಕುಸಿದು 2017ರಲ್ಲಿ ವಾಪಸು ಪಡೆಯಬೇಕಾಯಿತು. ನಿವ್ವಳ ಸಂಪತ್ತಿನ ಮೇಲಿನ ವಾರ್ಷಿಕ ತೆರಿಗೆ 1990ರಲ್ಲಿ 12 ಒಇಸಿಡಿ ದೇಶಗಳಲ್ಲಿತ್ತು, 2017ಕ್ಕೆ ನಾಲ್ಕರಲ್ಲಿ ಉಳಿಯಿತು. ವಿನಾಯಿತಿಗಳು, ಪ್ರತಿ ವರ್ಷ ಮೌಲ್ಯಮಾಪನದ ತಲೆನೋವು, ಬಂಡವಾಳದ ವಲಸೆ ಅದನ್ನು ಸವೆಸಿದವು. ಪಿತ್ರಾರ್ಜಿತದ ತೆರಿಗೆ ತಲೆಮಾರಿಗೊಮ್ಮೆ ಬರುತ್ತದೆ, ದುಡಿಮೆಯ ಆಸೆಯನ್ನು ಅಷ್ಟಾಗಿ ಕುಂದಿಸದು. ಹಾಕುವ ಒಇಸಿಡಿ ದೇಶಗಳಲ್ಲೂ ಅದರಿಂದ ಬರುವುದು ಒಟ್ಟು ತೆರಿಗೆಯ ಸುಮಾರು ಶೇ 0.5 ಮಾತ್ರ, ಏಕೆಂದರೆ ಬದುಕಿರುವಾಗಲೇ ದಾನ ಮಾಡುವ ದಾರಿ ತೆರೆದಿದೆ. ದಾನವನ್ನೂ ಪಿತ್ರಾರ್ಜಿತವನ್ನೂ ಜೀವಮಾನದ ಒಂದೇ ಲೆಕ್ಕದಲ್ಲಿ ಸೇರಿಸಿದರೆ ಆ ದಾರಿ ಮುಚ್ಚುತ್ತದೆ. ಬೆಳವಣಿಗೆಗೆ ಅತಿ ಕಡಿಮೆ ಹಾನಿ ಮಾಡುವುದು ಭೂಮಿಯ ಮೌಲ್ಯದ ಮೇಲಿನ ತೆರಿಗೆ. ಭೂಮಿಯನ್ನು ಬಚ್ಚಿಡಲಾಗದು, ಹೊರದೇಶಕ್ಕೆ ಸಾಗಿಸಲಾಗದು, ತೆರಿಗೆ ಹಾಕಿದರೆ ಅದು ಕಡಿಮೆಯಾಗದು. ಕಟ್ಟಡವನ್ನು ಬಿಟ್ಟು ನೆಲಕ್ಕೆ ಮಾತ್ರ ಬೆಲೆ ಕಟ್ಟಬೇಕು, ಎಸ್ಟೋನಿಯಾ 1993ರಿಂದ ಮಾಡುತ್ತಿರುವಂತೆ. ಮೌಲ್ಯಗಳನ್ನು ನಿಯಮಿತವಾಗಿ ಪರಿಷ್ಕರಿಸದಿದ್ದರೆ ಅದೂ ಹಲ್ಲಿಲ್ಲದ ತೆರಿಗೆಯೇ.

ಆರಿಸಿದ ಮೇಲೆ

ತೆರಿಗೆ ದಾಖಲೆ ದುರ್ಬಲವಾಗಿದ್ದರೆ ಶಾಲೆ, ಆರೋಗ್ಯ, ಮಕ್ಕಳ ತಲೆಗೆ ನಗದು, ಭೂ ತೆರಿಗೆ, ವ್ಯಾಟ್. ದಾಖಲೆ ಗಟ್ಟಿಯಾಗಿದ್ದರೆ ದುಡಿಮೆಯ ಪೂರಕ, ಇಳಿಜಾರಿನ ನೆರವು, ಸಂದುಗಳಿಲ್ಲದ ಆದಾಯ ತೆರಿಗೆ. ಇಂಧನ ಸಬ್ಸಿಡಿಯನ್ನು ನಗದಾಗಿ ಬದಲಿಸುವವರು ಇರಾನನ್ನು ಓದಬೇಕು. 2010ರ ಡಿಸೆಂಬರಿನಲ್ಲಿ ಇಂಧನ ಬೆಲೆ ಒಂದೇ ರಾತ್ರಿ ಹಲವು ಪಟ್ಟು ಏರಿತು, ಆದರೆ ಪರಿಹಾರದ ಹಣ ಅದಕ್ಕೆ ಮೊದಲೇ ಜನರ ಬ್ಯಾಂಕ್ ಖಾತೆಯಲ್ಲಿ ಕೂತಿತ್ತು, ಬೆಲೆ ಏರಿದ ದಿನ ತೆಗೆದುಕೊಳ್ಳಲು ಬಿಟ್ಟರು. ಹಣ ಮೊದಲು, ಬೆಲೆ ಆಮೇಲೆ. ಈ ಕ್ರಮವೇ ಸುಧಾರಣೆಯನ್ನು ಉಳಿಸಿತು. ತಲಾ ತಿಂಗಳಿಗೆ 4,55,000 ರಿಯಾಲ್ ಎಂದು ಆಗ ನಿಗದಿಯಾದ ಮೊತ್ತವನ್ನು ಮಾತ್ರ ಬೆಲೆ ಸೂಚ್ಯಂಕಕ್ಕೆ ಕಟ್ಟಿರಲಿಲ್ಲ. ಎರಡು ಮೂರು ವರ್ಷಗಳಲ್ಲಿ ಹಣದುಬ್ಬರ ಶೇ 30 ದಾಟಿತು, ಮೊತ್ತ ಮಾತ್ರ ವರ್ಷಗಟ್ಟಲೆ ಅಷ್ಟೇ ಇತ್ತು. ಯಾರೂ ಯೋಜನೆಯನ್ನು ರದ್ದು ಮಾಡದೆಯೇ ಅದು ಕರಗಿತು. ಮೊತ್ತವನ್ನೂ ಅರ್ಹತೆಯ ಗೆರೆಯನ್ನೂ ಪ್ರತಿ ವರ್ಷ ಬೆಲೆ ಸೂಚ್ಯಂಕದಂತೆ ಏರಿಸುವ ಒಂದು ಸಾಲು ಮೊದಲ ಆದೇಶದಲ್ಲೇ ಇದೆಯೇ ಎಂದು ಹುಡುಕಿ. ಇಲ್ಲದಿದ್ದರೆ ಆ ಕಡತವನ್ನು ಸಹಿ ಹಾಕದೆ ಹಿಂದಕ್ಕೆ ಕಳಿಸಿ.